ಅರಳಿ ಎಲೆಗೆ ತಾಮ್ರದ ಅಂಗಿ

ಎಲೆಕ್ಟ್ರೋಪ್ಲೇಟಿಂಗ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮೊದಲ ವರ್ಷದ ಕೆಮಿಸ್ಟ್ರಿ ಪೇಪರ್. ಆ್ಯನೋಡ್, ಕ್ಯಾಥೋಡ್, ಒಂದು ಚಿತ್ರ, ಎರಡು ಸಮೀಕರಣ. ಬರೆದು ಮಾರ್ಕ್ಸ್ ತಗೊಂಡು ಮರೆತುಬಿಡ್ತೀವಿ. ಅದೇ ಚಿತ್ರವನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಟ್ಟಿ, ಕ್ಯಾಥೋಡ್ ಇರಬೇಕಾದ ಜಾಗದಲ್ಲಿ ಒಂದು ಒಣಗಿದ ಅರಳಿ ಎಲೆ ಇಳಿಬಿಟ್ಟರೆ, ಒಂದು ಹಗಲು ಕಳೆಯುವಷ್ಟರಲ್ಲಿ ಅದು ತಾಮ್ರದ ಪದಕ ಆಗಿರುತ್ತೆ. ಎಲೆಯ ಒಂದೊಂದು ನರವೂ ಹಾಗೇ ಉಳಿದಿರುತ್ತೆ. ಮಕ್ಕಳ ಹಣೆಗೆ ಕಟ್ಟುವ ಅರಳೆಲೆಯನ್ನು ಅಕ್ಕಸಾಲಿ ಕೈಯಲ್ಲಿ ರೂಪಿಸ್ತಾನೆ. ಇಲ್ಲಿ ಮರದಿಂದ ಬಿದ್ದ ಎಲೆಯೇ ಅಚ್ಚು.

ಇದರ ಹೆಸರು ಎಲೆಕ್ಟ್ರೋಫಾರ್ಮಿಂಗ್. ಪ್ಲೇಟಿಂಗ್‌ಗೂ ಇದಕ್ಕೂ ರಸಾಯನಶಾಸ್ತ್ರ ಒಂದೇ, ಉದ್ದೇಶ ಬೇರೆ. ಪ್ಲೇಟಿಂಗ್‌ನಲ್ಲಿ ಈಗಾಗಲೇ ಇರುವ ಲೋಹಕ್ಕೆ ತೆಳ್ಳನೆ ಲೇಪ ಕೊಡ್ತೀವಿ. ಫಾರ್ಮಿಂಗ್‌ನಲ್ಲಿ ಲೇಪವನ್ನೇ ದಪ್ಪ ಬೆಳೆಸಿ, ಅದು ತನ್ನ ಕಾಲ ಮೇಲೆ ನಿಲ್ಲುವ ಚಿಪ್ಪು ಆಗುವ ಹಾಗೆ ಮಾಡ್ತೀವಿ. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಮೊರಿಟ್ಜ್ ಯಾಕೋಬಿ ಎಂಬ ಎಂಜಿನಿಯರ್ ಈ ವಿಧಾನವನ್ನು ಜಗತ್ತಿಗೆ ತೋರಿಸಿದ. ಕ್ಯಾಥೋಡ್ ಮೇಲೆ ಕೂತ ತಾಮ್ರದ ಹಾಳೆಯನ್ನು ಬಿಡಿಸಿ ನೋಡಿದರೆ, ಕ್ಯಾಥೋಡ್ ಮೇಲಿದ್ದ ಗೀರು, ಗುರುತು ಎಲ್ಲ ಅದರಲ್ಲಿ ಪಡಿಯಚ್ಚಾಗಿ ಮೂಡಿದ್ದವು. ಆಮೇಲೆ ಪುಸ್ತಕ ಮುದ್ರಣದ ತಾಮ್ರದ ಅಚ್ಚುಗಳು, ಗ್ರಾಮೊಫೋನ್ ತಟ್ಟೆ ಒತ್ತುವ ಲೋಹದ ಅಚ್ಚುಗಳು ಎಲ್ಲ ಇದೇ ದಾರಿಯಲ್ಲಿ ತಯಾರಾದವು. ತಟ್ಟೆಯ ಸಣ್ಣ ಗೆರೆಯೊಳಗಿನ ಹಾಡನ್ನೇ ನಕಲು ಮಾಡಬಲ್ಲ ವಿಧಾನಕ್ಕೆ ಎಲೆಯ ನರ ಯಾವ ಲೆಕ್ಕ?

ಎಷ್ಟು ತಾಮ್ರ? ಫ್ಯಾರಡೆ ಹೇಳ್ತಾನೆ

ಮೊದಲು ಲೆಕ್ಕ ಮಾಡೋಣ, ಇದು ಸುಲಭದ ಭಾಗ. ದ್ರಾವಣದಲ್ಲಿರುವ ಪ್ರತಿ ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕು. 63.5 ಗ್ರಾಂ ತಾಮ್ರಕ್ಕೆ 2 ಗುಣಿಸು 96,485 ಕೂಲಂಬ್. ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ 3,600 ಕೂಲಂಬ್. ಭಾಗಿಸಿದರೆ 1.18 ಗ್ರಾಂ ತಾಮ್ರ. ಈ ದ್ರಾವಣದಲ್ಲಿ ಕರೆಂಟ್ ಹೆಚ್ಚುಕಮ್ಮಿ ಪೂರ್ತಿಯಾಗಿ ತಾಮ್ರ ಕೂರಿಸುವುದಕ್ಕೇ ಖರ್ಚಾಗುತ್ತೆ, ಹಾಗಾಗಿ ಲೆಕ್ಕ ನಂಬಬಹುದು.

ನಮ್ಮ ಎಲೆಯ ಎರಡೂ ಬದಿ ಸೇರಿ 20 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಚದರ ಸೆಂಟಿಮೀಟರಿಗೆ 15 ಮಿಲಿಆಂಪಿಯರ್ ಸುರಕ್ಷಿತವಾದ ಪ್ರಮಾಣ, ಒಟ್ಟು 300 ಮಿಲಿಆಂಪಿಯರ್. ಗಂಟೆಗೆ ಸುಮಾರು 0.36 ಗ್ರಾಂ. ತಾಮ್ರದ ಸಾಂದ್ರತೆ 8.96, ಅಂದರೆ ದಪ್ಪ ಗಂಟೆಗೆ 20 ಮೈಕ್ರಾನ್ ಬೆಳೆಯುತ್ತೆ. ಬೆರಳಲ್ಲಿ ಒತ್ತಿದರೆ ಬಾಗದ ಹಾಗಿರಬೇಕು ಅಂದ್ರೆ 0.2 ಮಿಲಿಮೀಟರ್ ಆದರೂ ಬೇಕು. ಅದಕ್ಕೆ 10 ಗಂಟೆ, ಮೂರೂವರೆ ಗ್ರಾಂ ತಾಮ್ರ.

ಮನೆಯಲ್ಲಿ ಇದನ್ನು ಪರೀಕ್ಷಿಸಲೂಬಹುದು. ಆ್ಯನೋಡನ್ನು ಶುರುವಿಗೆ ಮುಂಚೆ ಮತ್ತು ಮುಗಿದ ಮೇಲೆ ತೊಳೆದು ಒಣಗಿಸಿ ತೂಕ ಮಾಡಿ. ಎಲೆಗೆ ಎಷ್ಟು ಬಂದಿದೆಯೋ ಹೆಚ್ಚುಕಮ್ಮಿ ಅಷ್ಟೇ ಇಲ್ಲಿ ಕಡಿಮೆಯಾಗಿರುತ್ತೆ.

ಆದರೆ ಫ್ಯಾರಡೆಯ ನಿಯಮ ಹೇಳೋದು ‘ಎಷ್ಟು’ ಅಂತ ಮಾತ್ರ. ಆ ಮೂರೂವರೆ ಗ್ರಾಂ ‘ಎಲ್ಲಿ’ ಕೂರುತ್ತೆ ಅಂತ ಅದು ಹೇಳಲ್ಲ. ಎಲೆಯ ಮೇಲೆಲ್ಲ ಸಮನಾಗಿ ಕೂತರೆ ಒಡವೆ. ತುದಿಯಲ್ಲೇ ಗುಪ್ಪೆಯಾಗಿ ಕೂತರೆ ಗುಜರಿ. ಈ ಕೆಲಸ ಕಲಿಯೋದು ಅಂದರೆ ‘ಎಲ್ಲಿ’ ಅನ್ನೋದನ್ನ ಕಲಿಯೋದು. ಮುಂದಿನ ಎಲ್ಲ ಹೆಜ್ಜೆಯೂ ಅದಕ್ಕಾಗಿಯೇ.

ಎಲೆಗೆ ಕರೆಂಟ್ ಹರಿಸೋದು

ಎಲೆ ವಿದ್ಯುತ್ ವಾಹಕ ಅಲ್ಲ. ಮೇಲಾಗಿ ಅದು ನೀರು ಹೀರುತ್ತೆ. ಹೀರಿದ ಆ್ಯಸಿಡ್ ತಾಮ್ರದ ಒಳಗೆ ಸಿಕ್ಕಿಹಾಕಿಕೊಂಡರೆ, ತಿಂಗಳುಗಳ ಮೇಲೆ ಹಸಿರಾಗಿ ಹೊರಗೆ ಜಿನುಗುತ್ತೆ, ಹಾಕಿಕೊಂಡವರ ಚರ್ಮಕ್ಕೂ ತಾಗುತ್ತೆ. ಆದ್ದರಿಂದ ಮೊದಲು ಎರಡು ಕೋಟ್ ವಾರ್ನಿಶ್ ಹೊಡೆದು ಪೂರ್ತಿ ಒಣಗಿಸಬೇಕು. ಸೀಗೆಕಾಯಿ, ಕಾಡುಬೀಜ, ಸಣ್ಣ ಹೂವು, ಯಾವುದೇ ಆದರೂ ಈ ಹೆಜ್ಜೆ ಬಿಡುವ ಹಾಗಿಲ್ಲ.

ತೊಟ್ಟಿನ ಹತ್ತಿರ ತಾಮ್ರದ ತಂತಿಯ ಒಂದು ಕೊಂಡಿಯನ್ನು ಅಂಟಿಸಿ. ಸರ ಪೋಣಿಸಲಿಕ್ಕೂ ಅದೇ, ಕರೆಂಟ್ ಕೊಡಲಿಕ್ಕೂ ಅದೇ. ಆಮೇಲೆ ಗ್ರಾಫೈಟ್ ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿ ಬಣ್ಣದ ಹಾಗೆ ಬಳಿಯಬೇಕು. ಪೆನ್ಸಿಲ್ ಕಡ್ಡಿ ಅರೆದು ಹಾಕಿದರೆ ಆಗಲ್ವಾ ಅಂತ ಕೇಳಬಹುದು. ಅದರಲ್ಲಿ ಜೇಡಿಮಣ್ಣೂ ಬೆರೆತಿರುತ್ತೆ, ಶುದ್ಧ ಗ್ರಾಫೈಟ್ ಪುಡಿಯೇ ವಾಸಿ. ವಾರ್ನಿಶ್ ಜಾಸ್ತಿಯಾದರೆ ಗ್ರಾಫೈಟ್ ಕಣಗಳು ಒಂದಕ್ಕೊಂದು ತಾಗಲ್ಲ, ಕರೆಂಟೂ ಹರಿಯಲ್ಲ. ಪುಡಿ ಜಾಸ್ತಿಯಾದರೆ ಉದುರುತ್ತೆ.

ಬಣ್ಣ ಒಣಗಿದ ಮೇಲೆ ಮಲ್ಟಿಮೀಟರ್ ತಗೊಳ್ಳಿ. ಒಂದು ಪ್ರೋಬ್ ಕೊಂಡಿಗೆ, ಇನ್ನೊಂದನ್ನು ಎಲೆಯ ತುದಿ, ಅಂಚು, ಹಿಂಬದಿ ಹೀಗೆ ಎಲ್ಲ ಕಡೆ ಮುಟ್ಟಿಸಿ. ಎಲ್ಲಿ ರೀಡಿಂಗ್ ಬರಲ್ಲವೋ ಅಲ್ಲಿ ತಾಮ್ರ ಬರಲ್ಲ. ಕೊಂಡಿ ಮತ್ತು ಎಲೆ ಸೇರುವ ಜಾಗವನ್ನು ಎರಡು ಸಲ ನೋಡಿ. ಅಂಟಿನ ಮೇಲೆ ಬಣ್ಣ ಬಿಟ್ಟುಹೋಗೋದು ಸಾಮಾನ್ಯವಾಗಿ ಅಲ್ಲೇ.

ನೀಲಿ ನೀರು

ದ್ರಾವಣಕ್ಕೆ ಬೇಕಾದದ್ದು ಮೂರೇ ವಸ್ತು: ಕಾಪರ್ ಸಲ್ಫೇಟ್, ಸಲ್ಫ್ಯೂರಿಕ್ ಆ್ಯಸಿಡ್, ಡಿಸ್ಟಿಲ್ಡ್ ವಾಟರ್. ಕಾಪರ್ ಸಲ್ಫೇಟ್ ಅಂದರೆ ಬೇರೇನಲ್ಲ, ಮೈಲುತುತ್ತ. ಮಲೆನಾಡಿನಿಂದ ಬಂದ ಗೆಳೆಯರಿಗೆ ಇದರ ಪರಿಚಯ ಮಾಡಿಸಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಇರೋದು ಇದೇ.

ಒಂದು ಲೀಟರ್ ದ್ರಾವಣಕ್ಕೆ ಸುಮಾರು 200 ಗ್ರಾಂ ಮೈಲುತುತ್ತ. ಮುಕ್ಕಾಲು ಲೀಟರ್ ಉಗುರುಬೆಚ್ಚನೆ ನೀರಲ್ಲಿ ಅದನ್ನು ಕರಗಿಸಿ, ಪೂರ್ತಿ ಆರಿಸಿ. ಆಮೇಲೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಆ್ಯಸಿಡ್ ಸುಮಾರು 120 ಮಿಲಿಲೀಟರ್, ನಿಧಾನವಾಗಿ, ಕಲಕುತ್ತಾ. ಕೊನೆಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. ಗಾಢ ಆ್ಯಸಿಡ್ ಮನೆಗೆ ತರುವ ಅಗತ್ಯವೇ ಇಲ್ಲ. ಬ್ಯಾಟರಿ ಆ್ಯಸಿಡ್ ಮೊದಲೇ ತೆಳು ಮಾಡಿದ್ದು, ಹಂಗಂತ ಅದು ನಿರಪಾಯಕಾರಿ ಅಲ್ಲ. ಲ್ಯಾಬಿನಲ್ಲಿ ಹೇಳಿಕೊಟ್ಟ ಕ್ರಮ ಇಲ್ಲೂ ಅದೇ: ನೀರಿಗೆ ಆ್ಯಸಿಡ್, ಆ್ಯಸಿಡಿಗೆ ನೀರಲ್ಲ. ಕನ್ನಡಕ ಮತ್ತು ಗ್ಲೌಸ್ ಹಾಕಲೇಬೇಕು.

ಆ್ಯಸಿಡ್ ಯಾಕೆ ಬೇಕು? ಬರೀ ಮೈಲುತುತ್ತದ ನೀರಿನಲ್ಲಿ ವಿದ್ಯುತ್ ಅಷ್ಟು ಸರಾಗವಾಗಿ ಹರಿಯಲ್ಲ. ಆಗ ಕರೆಂಟ್ ಹತ್ತಿರದ ದಾರಿಯನ್ನೇ ಹುಡುಕುತ್ತೆ, ಅಂದರೆ ಆ್ಯನೋಡಿಗೆ ಹತ್ತಿರ ಇರುವ ಅಂಚಿಗೇ ತಾಮ್ರ ಹೋಗಿ ಕೂರುತ್ತೆ. ಆ್ಯಸಿಡ್ ಹಾಕಿದರೆ ದ್ರಾವಣದ ರೋಧ ಇಳಿಯುತ್ತೆ, ದೂರದ ಜಾಗಕ್ಕೂ ಪಾಲು ಸಿಗುತ್ತೆ. ನೋಡಿ, ಇಲ್ಲೂ ಪ್ರಶ್ನೆ ‘ಎಲ್ಲಿ’ ಅನ್ನೋದೇ.

ಆ್ಯನೋಡ್ ಶುದ್ಧ ತಾಮ್ರದ್ದಾಗಿರಬೇಕು. ಹೌಸ್ ವೈರಿಂಗ್‌ನ ದಪ್ಪ ತಂತಿ ಸುಲಿದು ಸುತ್ತಿದರೂ ನಡೆಯುತ್ತೆ. ಹಿತ್ತಾಳೆ ಬೇಡ, ಅದರೊಳಗಿನ ಸತು ಕರಗಿ ದ್ರಾವಣ ಕೆಡಿಸುತ್ತೆ. ಕಬ್ಬಿಣದ ಕ್ಲಿಪ್ಪೂ ನೀರಿಗೆ ತಾಗಬಾರದು. ಮೈಲುತುತ್ತದ ನೀರಲ್ಲಿ ಕಬ್ಬಿಣದ ಮೊಳೆ ಹಾಕಿದಾಗ ಏನಾಗುತ್ತೆ ಅಂತ ಹೈಸ್ಕೂಲಲ್ಲೇ ನೋಡಿದ್ದೀವಲ್ಲ.

ಕರೆಂಟ್ ಜೊತೆ ಅವಸರ ಬೇಡ

ಪವರ್ ಸಪ್ಲೈ ಕರೆಂಟ್ ಮಿತಿ ಇಡಬಲ್ಲದ್ದಾಗಿರಬೇಕು. ಮೊಬೈಲ್ ಚಾರ್ಜರ್ ನೇರವಾಗಿ ಸಿಕ್ಕಿಸಿದರೆ 5 ವೋಲ್ಟಿಗೆ ಎಷ್ಟು ಕರೆಂಟ್ ಹೋಗುತ್ತೋ ಅಷ್ಟೂ ಹೋಗುತ್ತೆ, ತಡೆಯೋರು ಯಾರೂ ಇಲ್ಲ. ಪ್ಲಸ್ ಆ್ಯನೋಡಿಗೆ, ಮೈನಸ್ ಎಲೆಗೆ. ಉಲ್ಟಾ ಕೊಟ್ಟರೆ ಎಲೆಯ ಕೊಂಡಿಯೇ ಕರಗಿಹೋಗುತ್ತೆ.

ಶುರುವಿನಲ್ಲಿ 300 ಮಿಲಿಆಂಪಿಯರ್ ಕೊಡೋ ಹಾಗಿಲ್ಲ. ಗ್ರಾಫೈಟ್ ವಾಹಕವೇ ಆದರೂ ತಾಮ್ರಕ್ಕೆ ಹೋಲಿಸಿದರೆ ತುಂಬಾ ದುರ್ಬಲ. ಆದ್ದರಿಂದ ತಾಮ್ರ ಮೊದಲು ಕೊಂಡಿಯ ಸುತ್ತ ಹುಟ್ಟಿ, ಅಲ್ಲಿಂದ ತುದಿಯ ಕಡೆ ತೆವಳುತ್ತಾ ಹೋಗುತ್ತೆ. ಆ ಹೊತ್ತಲ್ಲಿ ಕರೆಂಟ್ ತಗೊಳ್ಳುವ ಜಾಗ ಒಂದು ಕಾಳಿನಷ್ಟು. ಅಷ್ಟು ಸಣ್ಣ ಜಾಗಕ್ಕೆ ಪೂರ್ತಿ ಎಲೆಯ ಕರೆಂಟ್ ಸುರಿದರೆ ಸುಟ್ಟಂತಾಗುತ್ತೆ. 50 ಮಿಲಿಆಂಪಿಯರ್‌ನಿಂದ ಶುರು ಮಾಡಿ, ಎಲೆ ಪೂರ್ತಿ ಮುಚ್ಚಿದ ಮೇಲೆ ಹಂತ ಹಂತವಾಗಿ ಏರಿಸಿ.

ಬಣ್ಣವೇ ನಮಗೆ ಮೀಟರ್. ಮಾಸಲು ಗುಲಾಬಿ ಬಣ್ಣ ಇದ್ದರೆ ಸರಿಯಾಗಿದೆ. ಕಂದು ಬಣ್ಣದ ಪುಡಿ, ಮುಟ್ಟಿದರೆ ಉದುರುತ್ತೆ ಅಂದರೆ ಕರೆಂಟ್ ಜಾಸ್ತಿಯಾಗಿದೆ. ಕಾರಣ ಇಷ್ಟೇ: ಮೇಲ್ಮೈಗೆ ಅಂಟಿದ ನೀರಿನ ಪದರದಲ್ಲಿರುವ ತಾಮ್ರದ ಅಯಾನುಗಳು ಬೇಗ ಖಾಲಿಯಾಗುತ್ತವೆ, ಹೊಸವು ದೂರದಿಂದ ಬಂದು ಸೇರಲು ಸಮಯ ಬೇಕು. ಆ ಸಮಯ ಕೊಡದಿದ್ದರೆ ಬಂದ ಅಯಾನು ಸರಿಯಾದ ಜಾಗ ಹುಡುಕದೆ ಸಿಕ್ಕಲ್ಲೇ ಕೂತುಬಿಡುತ್ತೆ. ಹೀಗೆ ಒಮ್ಮೆ ಎದ್ದ ಉಬ್ಬು ಆ್ಯನೋಡಿಗೆ ಇನ್ನಷ್ಟು ಹತ್ತಿರ, ಆದ್ದರಿಂದ ಅದಕ್ಕೇ ಇನ್ನಷ್ಟು ತಾಮ್ರ. ಚೂಪಾದ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಹೆಚ್ಚು ಅನ್ನೋದು ಸಿಡಿಲು ತಡೆಯುವ ಸರಳಿನ ಪಾಠದಲ್ಲೇ ಓದಿದ್ದೀವಿ. ಅರಳಿ ಎಲೆಗಂತೂ ತುದಿಯೇ ಉದ್ದನೆ ಬಾಲ, ಅಲ್ಲಿ ಗಂಟು ಕಟ್ಟೋದು ಮಾಮೂಲಿ.

ಪರಿಹಾರಗಳು ಸರಳ. ಎಲೆಯ ಎರಡೂ ಬದಿಗೆ ಆ್ಯನೋಡ್ ಇಡಿ. ಎಲೆ ಮತ್ತು ಆ್ಯನೋಡಿನ ನಡುವೆ ಕೆಲವು ಸೆಂಟಿಮೀಟರ್ ಅಂತರ ಬಿಡಿ. ಗಂಟೆಗೊಮ್ಮೆ ಎಲೆಯನ್ನು ತಿರುಗಿಸಿ. ಮೀನಿನ ತೊಟ್ಟಿಯ ಗಾಳಿ ಪಂಪ್‌ನಿಂದ ಮೆಲ್ಲಗೆ ಗುಳ್ಳೆ ಬಿಟ್ಟರೆ ದ್ರಾವಣ ಕಲಕುತ್ತಿರುತ್ತೆ. ಗಂಟು ಕಾಣಿಸಿದರೆ ಹೊರಗೆ ತೆಗೆದು, ತೊಳೆದು, ಅರದಿಂದ ಉಜ್ಜಿ ಮತ್ತೆ ಇಳಿಬಿಡಿ. ನೀವು ಮಲಗಿರುವಾಗ ಇದನ್ನು ಓಡಿಸಬೇಡಿ. ಹತ್ತು ಗಂಟೆಯನ್ನು ಎರಡು ದಿನಕ್ಕೆ ಹಂಚಿಕೊಂಡರೆ ಏನೂ ನಷ್ಟವಿಲ್ಲ. ಎರಡನೇ ದಿನ ಇಳಿಬಿಡುವ ಮುಂಚೆ ಮೇಲ್ಮೈಯನ್ನು ಉಜ್ಜಿ ತೊಳೆದಿರಬೇಕು, ಇಲ್ಲದಿದ್ದರೆ ಹೊಸ ಪದರ ಸಿಪ್ಪೆಯ ಹಾಗೆ ಏಳಬಹುದು.

ಮುಗಿದ ಒಡವೆಯನ್ನು ಅಡುಗೆ ಸೋಡಾದ ನೀರಲ್ಲಿ ಅದ್ದಿ, ಚೆನ್ನಾಗಿ ತೊಳೆದು, ಹಿತ್ತಾಳೆ ಬ್ರಷ್‌ನಿಂದ ಉಜ್ಜಿದರೆ ಹೊಳಪು ಬರುತ್ತೆ. ಬೆವರು ತಾಗಿದಾಗ ತಾಮ್ರ ಚರ್ಮಕ್ಕೆ ಹಸಿರು ಬಣ್ಣ ಬಿಡುತ್ತೆ, ಅದಕ್ಕೆ ಒಳಬದಿಗೆ ಒಂದು ಕೋಟ್ ಲ್ಯಾಕರ್ ಸಾಕು. ಯಾರಿಗಾದರೂ ಉಡುಗೊರೆ ಕೊಡುವಾಗ ಈ ಮಾತು ಹೇಳಿಯೇ ಕೊಡಿ.

ಉಳಿದ ನೀರಿನ ಜವಾಬ್ದಾರಿ

ನಮ್ಮ ಹಾಸ್ಟೆಲ್ ರೂಮುಗಳನ್ನು ನೆನೆಸಿಕೊಂಡು ಈ ಭಾಗವನ್ನು ಬರೀತಿದ್ದೀವಿ. ನೀಲಿ ದ್ರಾವಣ ನೋಡೋಕೆ ಚೆಂದ, ಹಳೇ ಜ್ಯೂಸ್ ಬಾಟಲಿಯಲ್ಲಿ ತುಂಬಿಟ್ಟರೆ ಥೇಟ್ ಶರಬತ್ತು. ಕುಡಿದರೆ ವಿಷ. ಆದ್ದರಿಂದ ತಿಂಡಿ, ಪಾನೀಯದ ಡಬ್ಬಿ ಬಾಟಲಿ ಯಾವುದೂ ಬೇಡ. ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಬೀಗ ಇರುವ ಕಡೆ ಇಡಿ. ಮೊದಲ ಸಲ ಮಾಡುವವರು ಕೆಮಿಸ್ಟ್ರಿ ಲ್ಯಾಬಿನಲ್ಲಿ ಅನುಮತಿ ಕೇಳಿ ಅಲ್ಲೇ ಮಾಡೋದು ಎಲ್ಲಕ್ಕಿಂತ ಒಳ್ಳೇದು. ಕಿಟಕಿ, ನೀರು, ಗೊತ್ತಿರುವವರು ಮೂರೂ ಅಲ್ಲಿರುತ್ತೆ.

ದ್ರಾವಣ ಖರ್ಚಾಗಿ ಮುಗಿಯುವ ವಸ್ತು ಅಲ್ಲ. ಎಲೆಗೆ ಹೋದಷ್ಟೇ ತಾಮ್ರ ಆ್ಯನೋಡಿನಿಂದ ವಾಪಸ್ ಬರುತ್ತಿರುತ್ತೆ. ಸೋಸಿ, ಆರಿದಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸುತ್ತಿದ್ದರೆ ತುಂಬಾ ದಿನ ಬಾಳುತ್ತೆ. ನಿಜವಾಗಿಯೂ ಬೇಡ ಅನಿಸಿದಾಗ ಬಚ್ಚಲಿಗೆ ಸುರಿಯುವಂತಿಲ್ಲ. ಅಡಿಕೆಯ ಶಿಲೀಂಧ್ರವನ್ನು ಕೊಲ್ಲುವ ಅದೇ ತಾಮ್ರ ಕೆರೆಯ ಪಾಚಿಯನ್ನೂ ಮೀನನ್ನೂ ಕೊಲ್ಲುತ್ತೆ. ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಸೇರಿಸಿ. ನೊರೆ ಏರಿ ಬರುತ್ತೆ, ನಿಧಾನವಾಗಿ ಹಾಕಿ. ನೊರೆ ನಿಂತು, ಮೇಲಿನ ನೀರಿನ ನೀಲಿ ಪೂರ್ತಿ ಹೋದಾಗ ತಾಮ್ರವೆಲ್ಲ ಹಸಿರುನೀಲಿ ಕೆಸರಾಗಿ ತಳಕ್ಕೆ ಇಳಿದಿರುತ್ತೆ. ಆ ಕೆಸರನ್ನು ಸೋಸಿ ಒಣಗಿಸಿ, ಹೆಸರು ಬರೆದು, ಲ್ಯಾಬಿನ ಅಪಾಯಕಾರಿ ತ್ಯಾಜ್ಯದ ಜೊತೆ ಕೊಟ್ಟುಬಿಡಿ.

ಕ್ಯಾಂಪಸ್ಸಿನ ಅರಳಿ ಮರದ ಕೆಳಗೆ ಎಲೆಗೇನೂ ಬರವಿಲ್ಲ. ಒಂದನ್ನು ಎರಡು ವಾರ ನೀರಲ್ಲಿ ನೆನೆಸಿ, ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ಬಲೆಯಂಥ ನರ ಮಾತ್ರ ಉಳಿಸಿಕೊಂಡು ಪುಸ್ತಕದ ನಡುವೆ ಒಣಗಿಸಿಡಿ. ಅದು ಒಣಗುವಷ್ಟರಲ್ಲಿ ಎಲೆಯ ವಿಸ್ತೀರ್ಣವನ್ನು ಗ್ರಾಫ್ ಹಾಳೆಯಲ್ಲಿ ಎಣಿಸಿ, ಎಷ್ಟು ಮಿಲಿಆಂಪಿಯರ್, ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ಇಟ್ಟುಕೊಳ್ಳಿ.