‘ಪೀಲು’ ಶಬ್ದದ ಮೂಲವಿಚಾರ

ಓಲೆಯ ಪ್ರತಿಯಲ್ಲಿ ‘ಪೀಲು’ ಎಂದಿದ್ದರೆ ಅದು ಮರವೋ ಆನೆಯೋ ಎಂಬುದು ಸಂದರ್ಭದಿಂದಲೇ ನಿರ್ಣಯವಾಗತಕ್ಕುದು. ಅಮರಕೋಶದ ನಾನಾರ್ಥವರ್ಗದಲ್ಲಿ ಎರಡೂ ಅರ್ಥಗಳಿವೆ. ಅಕ್ಕಾಡಿಯನ್ ಭಾಷೆಯಲ್ಲಿಯೂ ಆನೆಗೆ ‘ಪೀರು’, ‘ಪೀಲು’ ಎಂಬ ರೂಪಗಳುಂಟು. ಪಾರಸಿಕ ದೊರೆ ಡೇರಿಯಸನ (ಕ್ರಿ.ಪೂ. 522-486) ಸೂಸಾ ಶಾಸನದಲ್ಲಾದರೋ ‘ಪಿರು’ ಎಂದರೆ ಆನೆಯಲ್ಲ, ದಂತ, ಅದು ಕೂಶ, ಸಿಂಧು, ಹರೌವತಿ ದೇಶಗಳಿಂದ ಬಂದಿತೆಂದು ಅಲ್ಲಿ ಹೇಳಿದೆ. ಈ ಅರ್ಥಭೇದವೇ ವಿಚಾರಾರ್ಹ. ಹಲ್ಲು ಎಂಬರ್ಥದ ದ್ರಾವಿಡ ಶಬ್ದವೇ ಇವಕ್ಕೆಲ್ಲ ಮೂಲವೆಂದು ಬಹತಾ ಅಂಶುಮಾಲಿ ಮುಖೋಪಾಧ್ಯಾಯ ಅವರು 2021ರಲ್ಲಿ ವಾದಿಸಿದರು. ಹಳಗನ್ನಡದ ‘ಪಲ್’ ಕಪಿಲಾತೀರದ ಸುತ್ತೂರಿನಲ್ಲಿ ಇಂದು ‘ಹಲ್ಲು’. ದಂತದಿಂದ ‘ದಂತಿ’ ಆದಂತೆ ಹಲ್ಲಿನಿಂದ ಆನೆಯ ಹೆಸರು ಹುಟ್ಟುವುದು ಅಸಹಜವೇನಲ್ಲ. ಆದರೆ ಅಕಾರವು ಈಕಾರವಾದ ಬಗೆ ಇನ್ನೂ ಸಾಧಿತವಾಗಬೇಕು. ಮೇಲಾಗಿ, ಪೂರ್ವದಲ್ಲಿ ಸಿರಿಯಾದೇಶದಲ್ಲಿಯೂ ಆನೆಗಳಿದ್ದುವು. ದಂತವೆಲ್ಲ ಭಾರತದಿಂದಲೇ ಹೋಯಿತೆನ್ನುವಂತಿಲ್ಲ.