ಕನ್ನಡದ ಹಿಂಸಾಪ್ರಧಾನ ಸಿನಿಮಾಗಳಲ್ಲಿ ಹೆಣ್ಣು: ಒಂದು ಸ್ತ್ರೀವಾದಿ ಓದು

ಹಿಂಸೆಯನ್ನು ವಸ್ತುವಾಗುಳ್ಳ ಸಿನಿಮಾಗಳಲ್ಲಿ ಹೆಣ್ಣಿಗೆ ಸ್ಥಾನವೇ ಇಲ್ಲ ಎಂಬುದು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಮೈಸೂರಿನ ದೇವರಾಜ ಮೊಹಲ್ಲಾದ ಗೋಡೆಗಳ ಮೇಲಿನ ಸಿನಿಮಾ ಭಿತ್ತಿಪತ್ರಗಳನ್ನು ನೋಡುತ್ತ ಬಂದವರಿಗೂ ಹಾಗೆಯೇ ಅನ್ನಿಸೀತು. ಲಾಂಗು ಹಿಡಿದ ನಾಯಕ ಭಿತ್ತಿಪತ್ರವನ್ನೆಲ್ಲ ಆವರಿಸಿದರೆ, ನಾಯಕಿಗೆ ದೊರೆಯುವುದು ಒಂದು ಮೂಲೆ. ಆದರೆ ಈ ಸಿನಿಮಾಗಳ ಕಥನವನ್ನು ಬಿಡಿಸಿ ನೋಡಿದಾಗ ಬೇರೆಯೇ ಸಂಗತಿ ಗೋಚರಿಸುತ್ತದೆ. ಹೆಣ್ಣನ್ನು ತೆಗೆದುಹಾಕಿದರೆ ಇವುಗಳಲ್ಲಿ ಹಲವು ಕಥೆಗಳು ನಿಲ್ಲುವುದೇ ಇಲ್ಲ. ನಾಯಕ ಆಯುಧ ಹಿಡಿಯುವುದು ತಾಯಿಗಾಗಿ, ಪ್ರೇಯಸಿಗಾಗಿ, ಇಲ್ಲವೆ ತಂಗಿಗಾಗಿ. ವ್ಯಾಕರಣದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಗಂಡು ಕರ್ತೃಪದ. ಹೆಣ್ಣು ಚತುರ್ಥಿ ವಿಭಕ್ತಿಯಲ್ಲಿರುವ ಪದ. ತನ್ನ ಹೆಸರಿನಲ್ಲಿ ನಡೆಯುವ ಹಿಂಸೆಯ ಬಗ್ಗೆ ಮಾತನಾಡುವ ಅವಕಾಶ ಅವಳಿಗೆ ಇದೆಯೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

1

ಹೆಣ್ಣಿಗಾಗಿ ನಡೆಯುವ ಹಿಂಸೆಯ ಕಥನ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ರನ್ನನ ‘ಗದಾಯುದ್ಧ’ದಲ್ಲಿ ದ್ರೌಪದಿ ಸುಮ್ಮನೆ ಕಾಯುವವಳಲ್ಲ, ಭೀಮನಿಗೆ ಅವನ ಪ್ರತಿಜ್ಞೆಯನ್ನು ನೆನಪಿಸಿ ಕೆಣಕುವವಳು. ಹದಿನೈದನೆಯ ಶತಮಾನದ ಕುಮಾರವ್ಯಾಸನ ವಿರಾಟಪರ್ವದಲ್ಲಿ ಕೀಚಕನಿಂದ ಅವಮಾನಿತಳಾದ ಅವಳು ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸುತ್ತಾಳೆ. ಗಂಡಂದಿರ ಗಂಡಸುತನವನ್ನೇ ಪ್ರಶ್ನಿಸುತ್ತಾಳೆ. ಇವು ಪುರುಷರು ರಚಿಸಿದ ಕಾವ್ಯಗಳು, ಕೊಲ್ಲುವವನೂ ಇಲ್ಲಿ ಗಂಡಸೇ ಎಂಬುದು ನಿಜ. ಆದರೂ ಅವಮಾನ ಯಾವುದು, ಅದಕ್ಕೆ ತಕ್ಕ ಶಿಕ್ಷೆ ಯಾವುದು ಎಂಬುದನ್ನು ಹೇಳುವ ಬಾಯಿ ಅವಳದೇ. ಆಧುನಿಕ ಸಿನಿಮಾ ಈ ಕಥನದ ಹಂದರವನ್ನು ಉಳಿಸಿಕೊಂಡು ಆ ಬಾಯಿಯನ್ನು ಮುಚ್ಚಿದೆ.

2

ಉಪೇಂದ್ರ ನಿರ್ದೇಶನದ ‘ಓಂ’ (1995) ಕನ್ನಡದ ಭೂಗತಲೋಕದ ಸಿನಿಮಾಗಳಿಗೆ ಮಾದರಿಯನ್ನು ಹಾಕಿಕೊಟ್ಟ ಚಿತ್ರ. ಮತ್ತೆ ಮತ್ತೆ ಮರುಬಿಡುಗಡೆಗೊಂಡು ಹೊಸ ಪ್ರೇಕ್ಷಕರನ್ನು ಪಡೆಯುತ್ತ ಬಂದಿದೆ. ನಾಯಕ ಸತ್ಯ, ನಾಯಕಿ ಮಾಧುರಿಯನ್ನು ಹಿಂಬಾಲಿಸುತ್ತಾನೆ, ಬೆದರಿಸುತ್ತಾನೆ. ಅವಳು ಅವನನ್ನು ನಿರಾಕರಿಸುತ್ತಾಳೆ. ಅರ್ಚಕರ ಮಗನಾದ ಸತ್ಯ ರೌಡಿಯಾದುದಕ್ಕೆ ಅವಳೇ ಮೂಲವೆಂದು ಕಥೆ ಅನಂತರ ತಿಳಿಸುತ್ತದೆ. ಅಲ್ಲಿಗೆ ಪ್ರೇಕ್ಷಕನ ಸಹಾನುಭೂತಿ ಸಂಪೂರ್ಣವಾಗಿ ನಾಯಕನ ಕಡೆಗೆ ವಾಲುತ್ತದೆ. ಅವಳ ‘ಒಲ್ಲೆ’ ಎಂಬ ಮಾತು ಕಥೆಯಲ್ಲಿ ಇದೆ. ಆದರೆ ಅದನ್ನು ನಿರಾಕರಣೆಯೆಂದು ಕೇಳಿಸಿಕೊಳ್ಳದಂತೆ, ಅವಳು ತೀರಿಸಬೇಕಾದ ಋಣವೆಂದು ಕೇಳಿಸಿಕೊಳ್ಳುವಂತೆ ಕಥನ ನಮ್ಮನ್ನು ಸಿದ್ಧಗೊಳಿಸುತ್ತದೆ.

ಪ್ರಶಾಂತ್ ನೀಲ್ ನಿರ್ದೇಶನದ ‘ಕೆ.ಜಿ.ಎಫ್: ಚಾಪ್ಟರ್ 2’ (2022) ಇದೇ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸುತ್ತದೆ. ನಾಯಕಿ ರೀನಾಳನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಗಣಿಪ್ರದೇಶಕ್ಕೆ ತರಲಾಗುತ್ತದೆ. ಇದನ್ನು ಚಿತ್ರ ಅಪಹರಣವೆಂದು ಪರಿಗಣಿಸುವುದಿಲ್ಲ. ಪ್ರೇಮದ ಪೀಠಿಕೆಯೆಂಬಂತೆ ನಿರೂಪಿಸುತ್ತದೆ. ಅವಳು ಮನಸ್ಸು ಬದಲಿಸಿ ಮದುವೆಯಾಗುತ್ತಾಳೆ. ಗರ್ಭಿಣಿಯಾದ ಮೇಲೆ ವೈರಿಯ ಗುಂಡಿಗೆ ಬಲಿಯಾಗುತ್ತಾಳೆ. ವೈರಿ ಅವಳ ಮೇಲೆ ನಡೆಸುವ ಹಿಂಸೆ ಮಾತ್ರ ಹಿಂಸೆ. ನಾಯಕ ನಡೆಸಿದ್ದು ಹಿಂಸೆಯ ಲೆಕ್ಕಕ್ಕೇ ಬರುವುದಿಲ್ಲ. ಅವಳ ಸಾವೂ ನಾಯಕನ ಮುಂದಿನ ಸಂಹಾರಕ್ಕೆ ಬೇಕಾದ ಕಾರಣವಾಗಿ ಪರಿಣಮಿಸುತ್ತದೆ.

3

ತಾಯಿಯ ವಿಷಯದಲ್ಲಿ ಹೀಗಿಲ್ಲವಲ್ಲ, ಅವಳನ್ನು ಈ ಸಿನಿಮಾಗಳು ಪೂಜಿಸುತ್ತವಲ್ಲ ಎಂದು ಕೇಳಬಹುದು. ‘ಕೆ.ಜಿ.ಎಫ್: ಚಾಪ್ಟರ್ 1’ರಲ್ಲಿ (2018) ಸಾಯುವ ಮುನ್ನ ತಾಯಿ ಮಗನಿಂದ ಪಡೆಯುವ ಮಾತೇ ಇಡೀ ಕಥೆಯ ಚಾಲಕಶಕ್ತಿ. ಆದರೆ ಆ ಮಾತನ್ನು ಪಡೆದ ಮೇಲೆ ಅವಳು ಬದುಕಿರುವುದಿಲ್ಲ. ಮಗ ಸುರಿಸಿದ ರಕ್ತವನ್ನು ಕಂಡು ಅವಳು ಒಪ್ಪುತ್ತಿದ್ದಳೋ ಹೇಸುತ್ತಿದ್ದಳೋ ಎಂದು ಕೇಳುವ ದಾರಿಯೇ ಇಲ್ಲ. ಸತ್ತ ತಾಯಿಯನ್ನು ಆರಾಧಿಸುವುದು ಸುಲಭ, ಏಕೆಂದರೆ ಅವಳು ಎದುರಾಡುವುದಿಲ್ಲ.

ಪ್ರೇಮ್ ನಿರ್ದೇಶನದ ‘ಜೋಗಿ’ (2005) ಈ ಮಾತಿಗೆ ಭಾಗಶಃ ಅಪವಾದ. ಅರುಂಧತಿ ನಾಗ್ ಅಭಿನಯಿಸಿದ ತಾಯಿ ಮಗನನ್ನು ಅರಸಿ ಬೆಂಗಳೂರಿಗೆ ಬಂದು ಬೀದಿಬೀದಿ ಅಲೆಯುತ್ತಾಳೆ. ಕೊನೆಗೆ ಅವನನ್ನು ಕಾಣದೆಯೇ ಸಾಯುತ್ತಾಳೆ. ಅದು ತನ್ನ ತಾಯಿಯ ಶವವೆಂದು ತಿಳಿಯದ ಮಗ ಶವಯಾತ್ರೆಯಲ್ಲಿ ಕುಣಿಯುತ್ತಾನೆ. ಲಾಂಗು ಹಿಡಿದವನು ಕಳೆದುಕೊಳ್ಳುವುದೇನು ಎಂಬುದನ್ನು ಕನ್ನಡ ಸಿನಿಮಾ ಇಷ್ಟು ನೇರವಾಗಿ ತೋರಿಸಿದ್ದು ವಿರಳ. ಹಾಗಿದ್ದರೂ ತಾಯಿ ಮಗನನ್ನು ಪ್ರಶ್ನಿಸಬಹುದಾಗಿದ್ದ ಆ ಒಂದು ಭೇಟಿ ನಡೆಯದಂತೆ ಕಥೆ ಎಚ್ಚರ ವಹಿಸಿದೆ ಎಂಬುದನ್ನೂ ಗಮನಿಸಬೇಕು.

4

ಹೆಣ್ಣೇ ಆಯುಧ ಹಿಡಿದಾಗ ಏನಾಗುತ್ತದೆ? ‘ಎಸ್.ಪಿ. ಭಾರ್ಗವಿ’ (1991), ‘ದುರ್ಗಿ’ (2004) ಮೊದಲಾದ ಚಿತ್ರಗಳಲ್ಲಿ ಮಾಲಾಶ್ರೀ ಕರ್ತೃಸ್ಥಾನಕ್ಕೆ ಬರುತ್ತಾರೆ. ಆದರೆ ಗಂಡಿನ ಕೋಪಕ್ಕೆ ಬೇಡವಾದ ಪರವಾನಗಿ ಹೆಣ್ಣಿನ ಕೋಪಕ್ಕೆ ಬೇಕಾಗುತ್ತದೆ. ಪೊಲೀಸ್ ಸಮವಸ್ತ್ರ ಒಂದು ಪರವಾನಗಿ, ದೇವಿಯ ಹೆಸರು ಇನ್ನೊಂದು. ಮಹಿಷಾಸುರಮರ್ದಿನಿಯ ಬೆಟ್ಟವನ್ನು ದಿನವೂ ಕಾಣುವ ಮೈಸೂರಿನವರಿಗೆ ಇದು ಅಪರಿಚಿತವಲ್ಲ. ದೇವಿ ಕೊಲ್ಲಬಹುದು, ಸಾಮಾನ್ಯ ಹೆಣ್ಣು ಸಿಟ್ಟಾಗಬಾರದು. ಈ ಎರಡೂ ಪರವಾನಗಿಗಳಿಲ್ಲದ ಹೆಣ್ಣನ್ನು ತೋರಿಸಿದ ‘ದಂಡುಪಾಳ್ಯ’ದಲ್ಲಿ (2012) ಅವಳು ಕ್ರೌರ್ಯದ ಮೂರ್ತಿಯಾಗಿಬಿಡುತ್ತಾಳೆ. ಬಿಡುಗಡೆಯ ವೇಳೆ ವಿಶೇಷ ಚರ್ಚೆಗೆ ಒಳಗಾದದ್ದೂ ಆ ಪಾತ್ರದ ಅಪರಾಧದ ಹಿನ್ನೆಲೆಯಲ್ಲ, ನಟಿಯ ಬೆತ್ತಲೆ ಬೆನ್ನು ಕಾಣುವ ದೃಶ್ಯ.

5

ಸಿನಿಮಾದ ಕ್ಯಾಮೆರಾ ಗಂಡಿನ ಕಣ್ಣಾಗಿ ಕೆಲಸ ಮಾಡುತ್ತದೆ ಎಂಬುದನ್ನು ಲಾರಾ ಮಲ್ವಿ 1975ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವೇಚಿಸಿದರು. ಕನ್ನಡದ ಈ ಸಿನಿಮಾಗಳ ಮಟ್ಟಿಗೆ ನೋಟದಷ್ಟೇ ಮಾತಿನ ಹಂಚಿಕೆಯನ್ನೂ ಪರಿಶೀಲಿಸಬೇಕಾಗುತ್ತದೆ. ಇದು ಕೇವಲ ಸೌಂದರ್ಯಮೀಮಾಂಸೆಯ ಪ್ರಶ್ನೆಯಲ್ಲ. ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದು 2013ರ ತಿದ್ದುಪಡಿಯಿಂದ ಭಾರತೀಯ ದಂಡ ಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮು ಅದನ್ನು ಮುಂದುವರಿಸಿದೆ. ಕಾನೂನು ಅಪರಾಧವೆಂದು ಕರೆದದ್ದನ್ನು ತೆರೆ ಪ್ರೇಮವೆಂದು ಕರೆಯುತ್ತಿರುವಾಗ, ಕಾಲೇಜಿಗೆ ನಡೆದುಹೋಗುವ ಹುಡುಗಿಯ ‘ಬೇಡ’ ಎಂಬ ಮಾತನ್ನು ಅವಳ ಹಿಂದೆ ಬರುವವನು ಯಾವ ಅರ್ಥದಲ್ಲಿ ಕೇಳಿಸಿಕೊಳ್ಳುತ್ತಾನೆ ಎಂಬುದು ನಮ್ಮೆಲ್ಲರ ಪ್ರಶ್ನೆಯಾಗುತ್ತದೆ.

ಇದೇ ಮೈಸೂರಿನಲ್ಲಿ ವಿಜಯಾ ದಬ್ಬೆಯವರಂಥವರು ಪ್ರಾಚೀನ ಸಾಹಿತ್ಯವನ್ನು ಹೆಣ್ಣಿನ ಕಣ್ಣಿನಿಂದ ಓದುವ ಕ್ರಮವನ್ನು ಕಲಿಸಿದರು. ಆ ಓದು ಕಾವ್ಯದ ಪುಟಗಳಿಗೆ ಸೀಮಿತವಾಗಬೇಕಾಗಿಲ್ಲ. ಹಿಂಸೆಯ ಚಿತ್ರಗಳನ್ನು ನಿಷೇಧಿಸಬೇಕೆಂಬುದು ಈ ಲೇಖನದ ನಿಲುವಲ್ಲ. ಯಾರಿಗಾಗಿ ಈ ರಕ್ತವೆಂದು ನಾಯಕ ಹೇಳುತ್ತಾನೋ ಅವಳ ಅಭಿಪ್ರಾಯವೇನು ಎಂದು ಪ್ರೇಕ್ಷಕರಾಗಿ, ವಿಮರ್ಶಕರಾಗಿ ನಾವು ಕೇಳಬೇಕಾಗಿದೆ. ದ್ರೌಪದಿಗೆ ನಮ್ಮ ಕವಿಗಳು ಕೊಟ್ಟ ಮಾತನ್ನಾದರೂ ರೀನಾಳಿಗೆ, ಮಾಧುರಿಗೆ ಕೊಡುವುದು ಸಾಧ್ಯವಾಗಬೇಕು.