ಹಿತ್ತಲ ಗಿಡಕ್ಕೆ ಮದ್ದಿನ ಬೆಲೆ

ಬೆಂಗಳೂರಿನ ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ತಲೆಯೆತ್ತಿ ನಡೆದರೆ ‘ಕನ್ಸಲ್ಟೆನ್ಸಿ’ ಎಂಬ ಬೋರ್ಡಿಗೆ ಬರವಿಲ್ಲ. ಪಾಸ್‌ಪೋರ್ಟ್ ಮಾಡಿಸಿಕೊಡುವವರು, ಜಿಎಸ್‌ಟಿ ಲೆಕ್ಕ ಬರೆಯುವವರು, ಕೆಲಸ ಕೊಡಿಸುತ್ತೇವೆ ಎನ್ನುವವರು ಎಲ್ಲರೂ ಕನ್ಸಲ್ಟೆಂಟರೇ. ಹಾಗಾಗಿ ನಾನು ಕನ್ಸಲ್ಟಿಂಗ್ ಕಂಪನಿ ಸೇರಿದ ಹೊಸತರಲ್ಲಿ ಸೋದರತ್ತೆ, “ನಮ್ಮ ಹುಡುಗನಿಗೂ ಎಲ್ಲಾದ್ರೂ ಒಂದು ಕೆಲಸ ಕೊಡಿಸಪ್ಪ” ಎಂದರು. ನಮ್ಮದು ಆ ಥರದ್ದಲ್ಲ ಅತ್ತೆ, ಕಂಪನಿಗಳಿಗೆ ಸಲಹೆ ಕೊಡೋದು ಅಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು: “ಸಲಹೆಗೂ ದುಡ್ಡು ಕೊಡ್ತಾರಾ?”

ಕೊಡುತ್ತಾರೆ. ದಿನದ ಲೆಕ್ಕದಲ್ಲಿ, ಕೆಲವೊಮ್ಮೆ ಗಂಟೆಯ ಲೆಕ್ಕದಲ್ಲಿ. ಯಾಕೆ ಕೊಡುತ್ತಾರೆ ಎನ್ನುವುದರಲ್ಲೇ ಈ ಕಸುಬಿನ ಗುಟ್ಟಿದೆ.

ಅಮೆರಿಕದಲ್ಲಿ ಇದು ಹಳೆಯ ವ್ಯಾಪಾರ. ಆರ್ಥರ್ ಡಿ. ಲಿಟಲ್ ಎಂಬ ರಸಾಯನತಜ್ಞ ಬಾಸ್ಟನ್ನಿನಲ್ಲಿ 1886ರಲ್ಲೇ ಅಂಗಡಿ ತೆರೆದಿದ್ದ. ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸೆ 1926ರಲ್ಲಿ ಷಿಕಾಗೋದಲ್ಲಿ ಶುರುಮಾಡಿದ ಸಂಸ್ಥೆ ಇಂದಿಗೂ ಅವನ ಹೆಸರಲ್ಲೇ ನಡೆದಿದೆ. ಆದರೆ ಉದಾಹರಣೆಗೆ ನಾವು ಅಷ್ಟು ದೂರ ಹೋಗಬೇಕಿಲ್ಲ. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿ ದಾಟಿದ ರಸ್ತೆ ಚಿಕ್ಕಬಳ್ಳಾಪುರ ಮುಟ್ಟುತ್ತದೆ. ಅಲ್ಲೇ ಪಕ್ಕದಲ್ಲಿ ಮುದ್ದೇನಹಳ್ಳಿ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ನುಂಗಿದಾಗ, ನಿಜಾಮರ ಸರ್ಕಾರ ಸಲಹೆಗೆಂದು ಕರೆಸಿಕೊಂಡದ್ದು ಮುದ್ದೇನಹಳ್ಳಿಯ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು. ಊರ ಮೇಲ್ಭಾಗದಲ್ಲೇ ನೀರು ತಡೆಯಿರಿ, ಎರಡು ಜಲಾಶಯ ಕಟ್ಟಿ ಎಂದು ಅವರು ಬರೆದುಕೊಟ್ಟರು. 1909ರಲ್ಲೇ ಮೈಸೂರಿನ ಚೀಫ್ ಎಂಜಿನಿಯರ್ ಆಗಿ ಹೊರಟೂ ಹೋದರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ. ಬರುವುದು, ನೋಡುವುದು, ಬರೆದುಕೊಟ್ಟು ಹೋಗುವುದು: ಕನ್ಸಲ್ಟೆಂಟನ ಬದುಕು ಇವತ್ತಿಗೂ ಇಷ್ಟೇ.

ನಾವು ಬರೆದುಕೊಡುವುದಕ್ಕೆ ಮಾತ್ರ ಈಗ ‘ಡೆಕ್’ ಎಂದು ಹೆಸರು. ಅಂದರೆ ಸ್ಲೈಡುಗಳ ಕಟ್ಟು. ಪ್ರತಿ ಸ್ಲೈಡಿನ ನೆತ್ತಿಯ ಮೇಲೆ ಬರಿಯ ಶೀರ್ಷಿಕೆ ಇದ್ದರೆ ಸಾಲದು, ಪೂರ್ತಿ ವಾಕ್ಯ ಇರಬೇಕು. ‘ಮಾರಾಟದ ವಿವರ’ ಎಂದು ಬರೆದರೆ ಮ್ಯಾನೇಜರ್ ಹೊಡೆದುಹಾಕುತ್ತಾರೆ. ‘ಮೂರು ಊರಿನಲ್ಲಿ ಮಾರಾಟ ಬಿದ್ದಿದೆ, ಕಾರಣ ಸಾಗಣೆಯ ವಿಳಂಬ’ ಎಂದರೆ ಉಳಿಯುತ್ತದೆ. ನೆತ್ತಿಯ ಸಾಲುಗಳನ್ನಷ್ಟೇ ಓದಿದರೂ ಕಥೆ ಕೂಡಿಬರಬೇಕು. ಹೀಗೆ ತಿದ್ದಿ ತಿದ್ದಿ ರಾತ್ರಿ ಎರಡಾಗುತ್ತದೆ. ಸೋಮವಾರ ನಸುಕಿನಲ್ಲೇ ವಿಮಾನ. ಹೆಬ್ಬಾಳ ಫ್ಲೈಓವರ್ ಖಾಲಿಯಾಗಿ ಕಾಣುವ ಭಾಗ್ಯ ಹಾಲಿನ ವ್ಯಾನಿನವರನ್ನು ಬಿಟ್ಟರೆ ನಮಗೇ. ವಾರದ ಕೊನೆಗೆ ಟೈಮ್‌ಶೀಟ್ ತುಂಬಬೇಕು: ಯಾವ ಕ್ಲೈಂಟಿಗೆ ಎಷ್ಟು ಗಂಟೆ. ಪ್ರಾಜೆಕ್ಟ್ ಇಲ್ಲದಿದ್ದರೆ ‘ಬೆಂಚ್’ ಮೇಲಿದ್ದಾನೆ ಎನ್ನುತ್ತಾರೆ. ಸಂಬಳ ಬರುತ್ತಿರುತ್ತದೆ, ನಿದ್ದೆ ಬರುವುದಿಲ್ಲ.

ಈ ಲೋಕ ದೊಡ್ಡವರದ್ದಷ್ಟೇ ಅಲ್ಲ. ಸಣ್ಣ ಕಾರ್ಖಾನೆಗಳೂ ಕನ್ಸಲ್ಟೆಂಟರನ್ನು ಇಟ್ಟುಕೊಂಡು ಪೋಲು ತಗ್ಗಿಸಲಿ ಎಂದು ಕೇಂದ್ರ ಸರ್ಕಾರದ ‘ಲೀನ್’ ಯೋಜನೆ ಇದೆ. 2023ರಲ್ಲಿ ಹೊಸದಾಗಿ ಬಂದ ರೂಪದಲ್ಲಿ ಖರ್ಚಿನ ಶೇ 90ರಷ್ಟನ್ನು ಸರ್ಕಾರವೇ ಭರಿಸುತ್ತದೆ. ನಾನು ಕಸುಬು ಕಲಿತದ್ದೂ ಯಶವಂತಪುರದಾಚೆಯ ಪೀಣ್ಯದಲ್ಲೇ, ಒಂದು ಪ್ರೆಸ್ ಶಾಪಿನಲ್ಲಿ.

ಅಲ್ಲಿ ಪ್ರೆಸ್ಸಿನ ಒಂದು ಡೈ, ಅಂದರೆ ಅಚ್ಚು, ಬಿಚ್ಚಿ ಇನ್ನೊಂದು ಕೂರಿಸಲು ಐವತ್ತು ನಿಮಿಷ ಹಿಡಿಯುತ್ತಿತ್ತು. ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತೆ. ಬಿಚ್ಚಿ ಬಿಗಿಯುವ ಕೆಲಸ ಇಪ್ಪತ್ತು ನಿಮಿಷದ್ದು. ಮಿಕ್ಕದ್ದೆಲ್ಲ ಹುಡುಕಾಟ: ಡೈ ಯಾವ ರ್‍ಯಾಕಿನಲ್ಲಿದೆ, ಆಲೆನ್ ಕೀ ಯಾರು ಒಯ್ದರು, ಟ್ರಾಲಿ ಎಲ್ಲಿ ಹೋಯಿತು. ಆಪರೇಟರ್ ಕೈ ಒರೆಸಿಕೊಳ್ಳುತ್ತ ಹೇಳಿದರು: “ರ್‍ಯಾಕು ಮಿಷಿನ್ ಪಕ್ಕಕ್ಕೆ ಹಾಕ್ಸಿ ಅಂತ ಹೋದ ವರ್ಷದಿಂದ ಬಡ್ಕೊಳ್ತಾ ಇದೀನಿ ಸಾರ್. ನೀವು ಒಂದ್ಸಲ ಹೇಳಿ ನೋಡಿ, ಆಗುತ್ತೆ.”

ಅವರ ಮಾತು ನನ್ನ ಡೆಕ್ಕಿನ ಏಳನೇ ಸ್ಲೈಡಾಯಿತು, ಜೊತೆಗೊಂದು ನೀಲಿ ಗ್ರಾಫು. ಮಾಲೀಕರು ತಲೆಯಾಡಿಸಿದರು. ಮುಂದಿನ ವಾರವೇ ವೆಲ್ಡರ್ ಬಂದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಈ ಕಸುಬು ನಿಂತಿರುವುದೇ ಆ ಗಾದೆಯ ಮೇಲೆ. ನಮಗೆ ಸಿಗುವ ಫೀಸಿನಲ್ಲಿ ಒಂದು ಪಾಲು ಲೆಕ್ಕಾಚಾರಕ್ಕೆ, ಒಂದು ಪಾಲು ಬೇರೆ ಕಡೆ ಕಂಡ ಅನುಭವಕ್ಕೆ. ದೊಡ್ಡ ಪಾಲು ಮಾತ್ರ, ಶಾಪಿನ ಮಾತನ್ನು ಕ್ಯಾಬಿನ್ನಿನವರೆಗೆ ಹೊತ್ತು ತಂದದ್ದಕ್ಕೆ. ಸ್ಲೈಡಿನಲ್ಲಿ ಆಪರೇಟರ ಹೆಸರಿರಲಿಲ್ಲ, ಹಾಕುವ ರೂಢಿಯಿಲ್ಲ. ನಾನೂ ಹಾಕಲಿಲ್ಲ.

ಆರು ತಿಂಗಳ ಮೇಲೆ ಮತ್ತೆ ಹೋದೆ. ಡೈಗಳಿಗೆಲ್ಲ ಹಳದಿ ಬಣ್ಣದಲ್ಲಿ ನಂಬರು ಬಿದ್ದಿತ್ತು. ರ್‍ಯಾಕು ಮಾತ್ರ ನಾವು ಗೆರೆ ಎಳೆದ ಜಾಗದಿಂದ ಎರಡಡಿ ಆಚೆಗಿತ್ತು. ಯಾಕೆ ಎಂದು ಆಪರೇಟರನ್ನು ಕೇಳಿದೆ.

“ನೀವು ಹೇಳಿದ ಜಾಗದಲ್ಲಿ ಕಿಟಕಿ ಬೆಳಕಿಗೆ ಅಡ್ಡ ಆಗ್ತಿತ್ತು ಸಾರ್. ನಾನೇ ಸರಿಸಿದೆ.”

ಈ ಸಲಹೆಗೆ ಯಾರೂ ಬಿಲ್ ಕಳಿಸಿರಲಿಲ್ಲ.